ಸಾಬು: ಚಿತ್ರಗಳ ಬೆನ್ನಿನಲ್ಲಿ ಉಳಿದ ಇತಿಹಾಸ

ನಮ್ಮಲ್ಲಿ ಬಹುಪಾಲು ಜನ ಈ ನೆಲಕ್ಕೆ ಕಾಲಿಡುವ ದಶಕಗಳ ಮೊದಲೇ ಮೈಸೂರು ಸೀಮೆಯ ಬಾಲಕನೊಬ್ಬ ಹಾಲಿವುಡ್ಡಿನ ತಾರೆಯಾಗಿದ್ದ. ಆತನೇ ಸಾಬು. 1924ರಲ್ಲಿ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿದ ಈತ, 1937ರ 'ಎಲಿಫೆಂಟ್ ಬಾಯ್' ಚಿತ್ರದಿಂದ ಲೋಕಪ್ರಸಿದ್ಧನಾದ. 'ದಿ ಥೀಫ್ ಆಫ್ ಬಾಗ್ದಾದ್' (1940), 'ಜಂಗಲ್ ಬುಕ್' (1942) ಆ ಕೀರ್ತಿಯನ್ನು ಬೆಳೆಸಿದವು.

ಈತನ ಪತ್ರಿಕಾಚಿತ್ರಗಳನ್ನು ಶಿಕಾಗೋ ಮತ್ತು ಡೆಟ್ರಾಯಿಟ್ ಸುತ್ತಲಿನ ಹಳೆಯ ಸಾಮಾನಿನ ಸಂತೆಗಳಲ್ಲಿ, ಪುಸ್ತಕದಂಗಡಿಗಳಲ್ಲಿ ಅರಸುವುದು ನನ್ನ ಹವ್ಯಾಸ. ಅಂದು ಸ್ಟುಡಿಯೋಗಳು ಪ್ರಚಾರಕ್ಕಾಗಿ 8×10 ಅಂಗುಲದ ಚಿತ್ರಗಳನ್ನು ಪತ್ರಿಕೆಗಳಿಗೆ ಕಳುಹಿಸುತ್ತಿದ್ದವು. ಪತ್ರಿಕೆಗಳು ಅವನ್ನು ನಟರ ಹೆಸರಿನ ಲಕೋಟೆಗಳಲ್ಲಿ ಕಾಪಿಡುತ್ತಿದ್ದವು. ಆ ಸಂಗ್ರಹಕ್ಕೆ ಇಲ್ಲಿನ ಪತ್ರಕರ್ತರು ಇಟ್ಟ ಅಡ್ಡಹೆಸರು 'ಶವಾಗಾರ'! ಗಣಕಯಂತ್ರಗಳು ಬಂದ ಮೇಲೆ ಇಂಥ ಅನೇಕ ಸಂಗ್ರಹಗಳು ಮಾರಾಟವಾದವು.

ಸಂಗ್ರಾಹಕರು ಮೊದಲು ನೋಡುವುದು ಚಿತ್ರದ ಬೆನ್ನನ್ನು. ಅಲ್ಲಿ ದಿನಾಂಕದ ಮೊಹರು, ಅಂಟಿಸಿದ ವಿವರದ ಚೀಟಿ, ಸಂಪಾದಕರ ಪೆನ್ಸಿಲ್ ಗುರುತು ಇರುತ್ತವೆ. ಮುಂಭಾಗ ಸ್ಟುಡಿಯೋ ಬಯಸಿದ ರೂಪವಾದರೆ, ಹಿಂಭಾಗ ಆ ಚಿತ್ರದ ದಿನಚರಿ.

ಸ್ಟುಡಿಯೋ ಬಯಸಿದ್ದು ರುಮಾಲು, ಆನೆ, ಕಾಡು. ಚರಿತ್ರೆ ಬೇರೆಯದನ್ನೂ ಹೇಳುತ್ತದೆ. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದ 1946ರ ಕಾನೂನಿಗೆ ಎರಡು ವರ್ಷ ಮುನ್ನವೇ, 1944ರಲ್ಲಿ, ಸಾಬು ಅಮೆರಿಕದ ಪೌರನಾದ. ಯುದ್ಧಕಾಲದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಸೇವೆ ಸಲ್ಲಿಸಿ 'ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್' ಪದಕ ಗಳಿಸಿದ. 1963ರ ಡಿಸೆಂಬರ್ 2ರಂದು, ಅಧ್ಯಕ್ಷ ಕೆನೆಡಿಯವರ ಹತ್ಯೆಯಾದ ಹತ್ತು ದಿನಗಳಿಗೆ, 39ನೆಯ ವಯಸ್ಸಿನಲ್ಲಿ ತೀರಿಕೊಂಡ. ಆನೆಯೊಡನಿರುವ ಚಿತ್ರಗಳಿಗಿಂತ ಸೈನಿಕ ಸಮವಸ್ತ್ರದ ಚಿತ್ರವೇ ನನಗೆ ಹೆಚ್ಚು ಬೆಲೆಯುಳ್ಳದ್ದು. ಅಲ್ಲಿ ಕಾಣುವುದು ಪಾತ್ರವಲ್ಲ, ನಮ್ಮಂತೆಯೇ ವಲಸೆ ಬಂದ ಒಬ್ಬ ಮನುಷ್ಯ.

'ಶಿಕಾಗೋ ಸನ್-ಟೈಮ್ಸ್' ಪತ್ರಿಕೆಯ 50 ಲಕ್ಷದಷ್ಟು ಚಿತ್ರಗಳನ್ನು 2018ರಲ್ಲಿ ಶಿಕಾಗೋ ಹಿಸ್ಟರಿ ಮ್ಯೂಸಿಯಂ ಪಡೆದುಕೊಂಡು ನಗರದ ನೆನಪನ್ನು ಉಳಿಸಿತು. ನಮ್ಮ ನೆನಪನ್ನು ಉಳಿಸುವವರು ಯಾರು? ವಿದ್ಯಾರಣ್ಯ ಕನ್ನಡ ಕೂಟ, ಪಂಪ ಕನ್ನಡ ಕೂಟಗಳ ಹಿಂದಿನ ಸಮಾರಂಭಗಳ, 2002ರ ಡೆಟ್ರಾಯಿಟ್ ಸಮ್ಮೇಳನದ ಎಷ್ಟೋ ಚಿತ್ರಗಳು ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿವೆ. ಮುಖಗಳಿವೆ, ಹೆಸರುಗಳಿಲ್ಲ. ಹೆಸರು ಹೇಳಬಲ್ಲ ಹಿರಿಯರು ನಮ್ಮೊಡನಿರುವಾಗಲೇ ಅವರನ್ನು ಕೇಳಿ, ಪ್ರತಿ ಚಿತ್ರದ ಬೆನ್ನಿನ ಮೇಲೆ ಮೆದು ಪೆನ್ಸಿಲ್‌ನಿಂದ ಹೆಸರು, ಊರು, ದಿನಾಂಕ ಬರೆದಿಡೋಣ. ಮುಂದಿನ ಪೀಳಿಗೆಗೆ ನಾವು ಕೊಡಬಹುದಾದ ಸುಲಭದ ಉಡುಗೊರೆ ಇದು.