ಸಂವಿಧಾನದ 342ನೇ ವಿಧಿ

ಭಾರತ ಸಂವಿಧಾನದ 342ನೇ ವಿಧಿಯು ಯಾವ ಸಮುದಾಯಗಳು 'ಪರಿಶಿಷ್ಟ ಪಂಗಡ' ಎನಿಸಿಕೊಳ್ಳುತ್ತವೆ ಎಂಬುದನ್ನು ಯಾರು, ಯಾವ ಹಂತದಲ್ಲಿ ನಿರ್ಧರಿಸಬಹುದೆಂದು ಗೊತ್ತುಪಡಿಸುತ್ತದೆ. ಕಾರ್ಯಾಂಗ, ಶಾಸಕಾಂಗ, ನ್ಯಾಯಾಂಗ ಮೂರಕ್ಕೂ ಒಂದೇ ವಿಷಯದಲ್ಲಿ ಎಲ್ಲೆ ಹಾಕುವ ವಿಧಿಗಳಿಗೆ ಇದು ಸ್ಪಷ್ಟ ಉದಾಹರಣೆಯಾಗಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಅಕ್ಕಪಕ್ಕದಲ್ಲೇ ಬದುಕುತ್ತಿರುವ ಎರಡು ಪಶುಪಾಲಕ ಸಮುದಾಯಗಳಲ್ಲಿ ಮ್ಯಾಸಬೇಡರು ಪಟ್ಟಿಯೊಳಗೂ ಕಾಡುಗೊಲ್ಲರು ಪಟ್ಟಿಯ ಹೊರಗೂ ಇರುವುದು ಈ ವಿಧಿಯ ಕಾರ್ಯವಿಧಾನದ ಫಲ.

ವಿಧಿಯ ಸ್ವರೂಪ

ಮೊದಲನೆಯ ಖಂಡದಂತೆ ರಾಷ್ಟ್ರಪತಿಗಳು ಸಂಬಂಧಪಟ್ಟ ರಾಜ್ಯದ ರಾಜ್ಯಪಾಲರೊಡನೆ ಸಮಾಲೋಚಿಸಿ ಅಧಿಸೂಚನೆಯ ಮೂಲಕ ಪಟ್ಟಿಯನ್ನು ಪ್ರಕಟಿಸುತ್ತಾರೆ. ಈ ಪ್ರಕಾರ 1950ರಲ್ಲಿ ಮೊದಲ ಆದೇಶ ಹೊರಬಿದ್ದಿತು. ಎರಡನೆಯ ಖಂಡವೇ ಇಲ್ಲಿ ಮುಖ್ಯವಾದುದು: ಒಮ್ಮೆ ಪ್ರಕಟವಾದ ಪಟ್ಟಿಗೆ ಹೆಸರು ಸೇರಿಸುವ ಅಥವಾ ತೆಗೆಯುವ ಅಧಿಕಾರ ಕಾನೂನಿನ ಮೂಲಕ ಸಂಸತ್ತಿಗೆ ಮಾತ್ರ ಇದೆ. ಇನ್ನೊಂದು ಅಧಿಸೂಚನೆಯಿಂದ ಅದನ್ನು ಬದಲಿಸುವಂತಿಲ್ಲ. ಅಂದರೆ ಪಟ್ಟಿಯನ್ನು ಹೊರಡಿಸಿದ ರಾಷ್ಟ್ರಪತಿಗಳ ಕೈಯೂ ಆ ಕ್ಷಣದಿಂದ ಕಟ್ಟಲ್ಪಡುತ್ತದೆ. ಅಧಿಕಾರದಲ್ಲಿರುವ ಸರ್ಕಾರವು ರಾಜಕೀಯ ಅನುಕೂಲಕ್ಕೆ ತಕ್ಕಂತೆ ಪಟ್ಟಿಯನ್ನು ಹಿಗ್ಗಿಸುವುದು ಅಥವಾ ಕುಗ್ಗಿಸುವುದನ್ನು ಇದು ತಡೆಯುತ್ತದೆ. ಪರಿಶಿಷ್ಟ ಜಾತಿಗಳಿಗೆ ಸಂಬಂಧಿಸಿದ 341ನೇ ವಿಧಿಯ ರಚನೆಯೂ ಇದೇ ಬಗೆಯದು.

ಸೇರ್ಪಡೆಯ ಹಂತಗಳನ್ನು ಕೇಂದ್ರ ಸರ್ಕಾರವು 1999ರಲ್ಲಿ ನಿಗದಿಪಡಿಸಿ 2002ರಲ್ಲಿ ಪರಿಷ್ಕರಿಸಿತು. ರಾಜ್ಯದ ಶಿಫಾರಸನ್ನು ಭಾರತದ ಮಹಾ ರಿಜಿಸ್ಟ್ರಾರ್ ಪರಿಶೀಲಿಸುತ್ತಾರೆ. ಅವರು ಒಪ್ಪಿದರೆ ಪ್ರಸ್ತಾವವು ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗಕ್ಕೂ ಅಲ್ಲಿಂದ ಸಚಿವ ಸಂಪುಟಕ್ಕೂ ಸಾಗಿ, ಕೊನೆಗೆ ಮಸೂದೆಯಾಗಿ ಸಂಸತ್ತಿಗೆ ಬರುತ್ತದೆ. ಒಪ್ಪದಿದ್ದರೆ ಕಡತ ರಾಜ್ಯಕ್ಕೆ ಹಿಂತಿರುಗುತ್ತದೆ. 1965ರ ಲೋಕೂರ್ ಸಮಿತಿ ಸೂಚಿಸಿದ ಮಾನದಂಡಗಳೇ, ಅಂದರೆ ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ ಮೊದಲಾದವು, ಇಂದಿಗೂ ಬಳಕೆಯಲ್ಲಿವೆ. ಇವುಗಳಲ್ಲಿ ಕೆಲವು ಕಾಲಕ್ಕೆ ಹೊಂದುವುದಿಲ್ಲವೆಂಬ ಟೀಕೆಯಿದೆ.

ನ್ಯಾಯಾಲಯಗಳ ಮಿತಿ

ಬಿ. ಬಸವಲಿಂಗಪ್ಪ ಮತ್ತು ಡಿ. ಮುನಿಚಿನ್ನಪ್ಪ ನಡುವಿನ ಚುನಾವಣಾ ಪ್ರಕರಣವು 341ನೇ ವಿಧಿಗೆ ಸಂಬಂಧಿಸಿದ್ದು, ಮೈಸೂರು ರಾಜ್ಯದಿಂದಲೇ ಸುಪ್ರೀಂ ಕೋರ್ಟ್ ತಲುಪಿತು. ಪಟ್ಟಿಯಲ್ಲಿದ್ದ ಹೆಸರು 'ಭೋವಿ'. ಗೆದ್ದ ಅಭ್ಯರ್ಥಿ ವಡ್ಡರು. ಪಟ್ಟಿಯಲ್ಲಿಲ್ಲದ ಜಾತಿಯನ್ನು ಸಾಕ್ಷ್ಯದ ಮೂಲಕ ಒಳಸೇರಿಸಲು ಸಾಮಾನ್ಯವಾಗಿ ಅವಕಾಶವಿಲ್ಲವೆಂದು 1964ರಲ್ಲಿ ನ್ಯಾಯಾಲಯ ಹೇಳಿತು. ಆದರೆ 1956ಕ್ಕೆ ಮುಂಚಿನ ಮೈಸೂರಿನಲ್ಲಿ ಭೋವಿ ಎಂಬ ಬೇರೆ ಜಾತಿಯೇ ಇರದಿದ್ದುದರಿಂದ, ಆ ಹೆಸರು ಯಾರನ್ನು ಸೂಚಿಸುತ್ತದೆಂದು ವಿಚಾರಿಸಲು ಒಪ್ಪಿ, ಆಯ್ಕೆಯನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರ ರಾಜ್ಯ ಮತ್ತು ಮಿಲಿಂದ್ ಪ್ರಕರಣದಲ್ಲಿ (2000) ಸಂವಿಧಾನ ಪೀಠವು ನಿಲುವನ್ನು ಬಿಗಿಗೊಳಿಸಿತು. ಪಟ್ಟಿಯನ್ನು ಇದ್ದಂತೆಯೇ ಓದಬೇಕು. ರಾಜ್ಯ ಸರ್ಕಾರವಾಗಲಿ ನ್ಯಾಯಾಲಯವಾಗಲಿ ಅದನ್ನು ವಿಸ್ತರಿಸುವಂತಿಲ್ಲ. ಬಿಹಾರ ಸರ್ಕಾರವು ತಾಂತಿ ಸಮುದಾಯವನ್ನು ಪರಿಶಿಷ್ಟ ಜಾತಿಯೊಂದರೊಳಗೆ ಸೇರಿಸಿ 2015ರಲ್ಲಿ ಹೊರಡಿಸಿದ್ದ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ರದ್ದುಪಡಿಸಿತು.

ಚಳ್ಳಕೆರೆ–ಮೊಳಕಾಲ್ಮೂರು ಪ್ರದೇಶದಲ್ಲಿ

ಕರ್ನಾಟಕದ ಪಟ್ಟಿಯಲ್ಲಿದ್ದ 'ನಾಯ್ಕಡ, ನಾಯಕ' ನಮೂದಿಗೆ ಬೇಡ, ಬೇಡರ್, ವಾಲ್ಮೀಕಿ ಮುಂತಾದ ಹೆಸರುಗಳು 1991ರ ತಿದ್ದುಪಡಿಯಿಂದ ಸೇರಿದವು. ಈ ಭಾಗದ ಮ್ಯಾಸಬೇಡರು ಅದರ ವ್ಯಾಪ್ತಿಗೆ ಬರುತ್ತಾರೆ. ಹಟ್ಟಿಗಳಲ್ಲಿ ವಾಸಿಸುತ್ತ ಜುಂಜಪ್ಪ, ಎತ್ತಪ್ಪ ಮುಂತಾದ ಸಾಂಸ್ಕೃತಿಕ ವೀರರನ್ನು ಆರಾಧಿಸುವ ಕಾಡುಗೊಲ್ಲರ ಬದುಕು ಮ್ಯಾಸಬೇಡರ ಬದುಕನ್ನು ಹಲವು ಬಗೆಯಲ್ಲಿ ಹೋಲುತ್ತದೆ. ದೇವರ ಎತ್ತುಗಳನ್ನು ಸಾಕುವ ಪದ್ಧತಿ ಎರಡೂ ಸಮುದಾಯಗಳಲ್ಲಿದೆ. ಆದರೂ ಕಾಡುಗೊಲ್ಲರು ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿದ್ದಾರೆ. ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ರಾಜ್ಯ ಸರ್ಕಾರವು ಕೇಂದ್ರಕ್ಕೆ ಶಿಫಾರಸು ಮಾಡಿದೆ. ಅದಕ್ಕಿಂತ ಹೆಚ್ಚಿನದನ್ನು ಮಾಡಲು ಅದಕ್ಕೆ ಅಧಿಕಾರವಿಲ್ಲ. ಸಂಸತ್ತಿನ ಕಾನೂನು ಬರುವವರೆಗೆ ತಹಶೀಲ್ದಾರರು ಪಂಗಡದ ಪ್ರಮಾಣಪತ್ರ ನೀಡುವಂತಿಲ್ಲ.

ಇದರ ಪರಿಣಾಮ ಚುನಾವಣೆಯಲ್ಲಿ ಎದ್ದು ಕಾಣುತ್ತದೆ. 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ಇಲ್ಲಿನ ಕಾಡುಗೊಲ್ಲರು ಮತ ಹಾಕಬಹುದು, ಸ್ವಂತ ಕ್ಷೇತ್ರದಲ್ಲಿ ಸ್ಪರ್ಧಿಸುವಂತಿಲ್ಲ. ಇನ್ನೊಂದೆಡೆ, ಮೀಸಲಾತಿಯ ಪ್ರಮಾಣವು ರಾಜ್ಯದ ಅಧಿಕಾರಕ್ಕೆ ಒಳಪಟ್ಟ ವಿಷಯ. ಅದರಂತೆ ಕರ್ನಾಟಕವು 2022ರಲ್ಲಿ ಶಿಕ್ಷಣ ಮತ್ತು ಉದ್ಯೋಗದಲ್ಲಿ ಪರಿಶಿಷ್ಟ ಪಂಗಡಗಳ ಪಾಲನ್ನು ಶೇ. 3ರಿಂದ ಶೇ. 7ಕ್ಕೆ ಏರಿಸಿತು.