ಪಾರಿವಾಳದವರ ದೂರು

1942ರ ಫೆಬ್ರವರಿಯಲ್ಲಿ ನಾರ್ವೆಯ ಕಡೆಯಿಂದ ವಾಪಸಾಗುತ್ತಿದ್ದ ಬ್ರಿಟಿಷ್ ವಾಯುಪಡೆಯ ಬ್ಯೂಫೋರ್ಟ್ ಬಾಂಬರ್ ವಿಮಾನವೊಂದು ಉತ್ತರ ಸಮುದ್ರದ ಕೊರೆಯುವ ನೀರಿಗೆ ಬಿತ್ತು. ಅದರಲ್ಲಿದ್ದ ನಾಲ್ವರು ರಬ್ಬರ್ ದೋಣಿ ಹತ್ತಿಕೊಂಡರು. ಬಿದ್ದ ಜಾಗ ಇಂಥದ್ದೇ ಎಂದು ದಡಕ್ಕೆ ತಿಳಿಸುವ ದಾರಿ ಇರಲಿಲ್ಲ. ವಿಮಾನದಲ್ಲಿದ್ದ ಪಾರಿವಾಳವೊಂದು ಮಾತ್ರ ಮೈಗೆಲ್ಲ ಎಣ್ಣೆ ಮೆತ್ತಿಕೊಂಡೇ ಮೇಲೆದ್ದು, ಸುಮಾರು 190 ಕಿಲೋಮೀಟರ್ ಹಾರಿ, ಸ್ಕಾಟ್ಲೆಂಡಿನ ಡಂಡೀ ಪಕ್ಕದ ಬ್ರಾಟಿ ಫೆರ್ರಿಯಲ್ಲಿದ್ದ ತನ್ನ ಗೂಡು ಸೇರಿತು. ಅದರ ಕಾಲಿನಲ್ಲಿ ಚೀಟಿ ಇರಲಿಲ್ಲ. ಆದರೂ ವಿಮಾನ ಬಿದ್ದ ಹೊತ್ತು, ಹಕ್ಕಿ ಮನೆ ಮುಟ್ಟಿದ ಹೊತ್ತು, ಗಾಳಿಯ ದಿಕ್ಕು, ಒದ್ದೆ ರೆಕ್ಕೆಯಿಂದ ತಗ್ಗಿದ ವೇಗ, ಇಷ್ಟನ್ನು ಹಿಡಿದು ಅಧಿಕಾರಿಗಳು ಲೆಕ್ಕ ಹಾಕಿದರು. ಹುಡುಕಿಕೊಂಡು ಹೋದ ವಿಮಾನಕ್ಕೆ ದೋಣಿ ಸಿಕ್ಕಿತು, ನಾಲ್ವರೂ ಉಳಿದರು. ವಿಂಕಿ ಎಂಬ ಆ ಹೆಣ್ಣು ಪಾರಿವಾಳಕ್ಕೆ 1943ರ ಡಿಸೆಂಬರಿನಲ್ಲಿ ಡಿಕಿನ್ ಪದಕ ಬಂತು. ಯುದ್ಧದಲ್ಲಿ ದುಡಿದ ಪ್ರಾಣಿಗಳಿಗೆಂದು ಆ ವರ್ಷವೇ ಶುರುವಾದ ಪದಕ ಅದು. ಮೊದಲ ಸಲ ಅದನ್ನು ಪಡೆದ ಮೂರೂ ಪಾರಿವಾಳಗಳೇ.

ಇಂಥ ಹಕ್ಕಿಗಳು ಸೇನೆಯ ಸ್ವಂತದ್ದಾಗಿರಲಿಲ್ಲ. ಹೆಚ್ಚಿನವು ಗಣಿ ಕಾರ್ಮಿಕರು, ಗಿರಣಿಯವರು, ಚಮ್ಮಾರರು, ರೈಲ್ವೆ ನೌಕರರು ಮನೆಯ ಹಿತ್ತಲಲ್ಲಿ ಸಾಕಿದ ರೇಸಿನ ಪಾರಿವಾಳಗಳು. ಯುದ್ಧ ಬಂದಾಗ ಸಾಕಿದವರು ಅವನ್ನು ದೇಶಕ್ಕೆ ಕೊಟ್ಟರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಎರಡು ಲಕ್ಷಕ್ಕೂ ಹೆಚ್ಚು ಪಾರಿವಾಳಗಳನ್ನು ಬಳಸಿತು.

ಪಾರಿವಾಳ ಅಷ್ಟು ಬೆಲೆಯುಳ್ಳದ್ದಾದ ಮೇಲೆ ಅದನ್ನು ತಿನ್ನುವ ಹಕ್ಕಿ ಶತ್ರುವಾಗುವುದಕ್ಕೆ ತಡವಾಗಲಿಲ್ಲ. ಕಡಲಂಚಿನ ಬಂಡೆಗಳಲ್ಲಿ ಗೂಡು ಮಾಡುವ ಪೆರೆಗ್ರಿನ್ ಎಂಬ ಡೇಗೆಗೆ ಪಾರಿವಾಳವೆಂದರೆ ನಿತ್ಯದ ಊಟ. ಎತ್ತರದಿಂದ ರೆಕ್ಕೆ ಮುದುರಿ ಎರಗುವಾಗ ಅದರ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ಸಮುದ್ರದ ಕಡೆಯಿಂದ ದಣಿದು ಬರುವ ಪಾರಿವಾಳ ಮೊದಲು ಮುಟ್ಟುವ ನೆಲವೂ ಅದೇ ಬಂಡೆಗಳ ಸಾಲು. 1940ರ ಜುಲೈನಲ್ಲಿ ಸರ್ಕಾರ ಪೆರೆಗ್ರಿನ್‌ಗಳನ್ನು ನಾಶ ಮಾಡುವ ಆದೇಶ ಹೊರಡಿಸಿತು. ಕಾರ್ನ್‌ವಾಲ್, ಡೆವನ್‌ನಂಥ ಕರಾವಳಿ ಜಿಲ್ಲೆಗಳಲ್ಲಿ ಹಕ್ಕಿಗಳನ್ನು ಗುಂಡಿಟ್ಟು ಕೊಂದರು, ಮರಿಗಳನ್ನು ಗೂಡಿನಲ್ಲೇ ಮುಗಿಸಿದರು, ಮೊಟ್ಟೆ ಒಡೆದರು. ಯುದ್ಧ ಮುಗಿಯುವಷ್ಟರಲ್ಲಿ ಸತ್ತ ಪೆರೆಗ್ರಿನ್‌ಗಳು ಸುಮಾರು 600 ಎಂಬ ಅಂದಾಜಿದೆ. ದೇಶದಲ್ಲಿದ್ದದ್ದೇ ಕೆಲವು ನೂರು ಜೋಡಿ.

ಅದೇ ಹೊತ್ತಿಗೆ ಅದೇ ದೇಶದ ಗುಪ್ತಚರ ಇಲಾಖೆ ಪೆರೆಗ್ರಿನ್‌ಗಳನ್ನು ಕೆಲಸಕ್ಕೂ ಇಟ್ಟುಕೊಂಡಿತ್ತು. ಜರ್ಮನ್ ಗೂಢಚಾರರು ಪಾರಿವಾಳದ ಮೂಲಕ ಸುದ್ದಿ ಕಳಿಸುತ್ತಾರೆಂಬ ಗುಮಾನಿಯಿಂದ, ಅವನ್ನು ಆಕಾಶದಲ್ಲೇ ಹಿಡಿಯಲು ಪಳಗಿಸಿದ ಡೇಗೆಗಳ ಒಂದು ತುಕಡಿಯನ್ನು ಅದು ಕಟ್ಟಿತು. ಅವು ಕೆಡವಿದ್ದೆಲ್ಲ ಬ್ರಿಟನ್ನಿನವೇ ಪಾರಿವಾಳಗಳು. ಡೇಗೆ ಪಾಸ್‌ಪೋರ್ಟ್ ಕೇಳುವುದಿಲ್ಲ. ಆಚೆ ದಡದಲ್ಲಿ ಜರ್ಮನ್ನರೂ ಇದೇ ಉಪಾಯ ಹೂಡಿದ್ದರೆಂದು ಇಂಗ್ಲಿಷರು ನಂಬಿದ್ದರು. ಎಕ್ಸೆಟರ್ ಊರಿನ ಚಮ್ಮಾರನೊಬ್ಬನ ಮೇರಿ ಎಂಬ ಪಾರಿವಾಳ ಒಮ್ಮೆ ಕುತ್ತಿಗೆಯಿಂದ ಎದೆಯವರೆಗೆ ಸೀಳಿಸಿಕೊಂಡು ಮನೆಗೆ ಬಂದಾಗ, ಅದು ಫ್ರಾನ್ಸ್ ತೀರದ ಜರ್ಮನ್ ಡೇಗೆಯ ಕೆಲಸವೆಂದೇ ಹೇಳಿದರು. ಯಜಮಾನ ಗಾಯಕ್ಕೆ ಹೊಲಿಗೆ ಹಾಕಿ ಅದನ್ನು ಉಳಿಸಿಕೊಂಡ. 1945ರಲ್ಲಿ ಮೇರಿಗೂ ಡಿಕಿನ್ ಪದಕ ಬಂತು.

ಯುದ್ಧ ಮುಗಿಯಿತು, 1946ರಲ್ಲಿ ಕೊಲ್ಲುವ ಆದೇಶವೂ ಹೋಯಿತು. 1954ರಲ್ಲಿ ಬಂದ ಪಕ್ಷಿ ಸಂರಕ್ಷಣಾ ಕಾಯ್ದೆ ಪೆರೆಗ್ರಿನ್‌ಗೆ ಪೂರ್ತಿ ರಕ್ಷಣೆ ಕೊಟ್ಟಿತು. ಅದರ ಮೊಟ್ಟೆ ಮುಟ್ಟುವುದೂ ಅಪರಾಧವಾಯಿತು. ಹಿಂದೆ ಪದಕ ಪಡೆದ ಪಾರಿವಾಳಕ್ಕೆ ಮಾತ್ರ ಹಿತ್ತಲ ಗೂಡೇ ಗತಿ.

ಪಾರಿವಾಳದವರಿಗೆ ಇದು ಒಗಟಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅವರ ಆಟದ ರೀತಿ ತಿಳಿಯದೆ ಅವರ ಸಿಟ್ಟು ಅರ್ಥವಾಗುವುದಿಲ್ಲ. ಶನಿವಾರದ ರೇಸಿಗೆ ಹಕ್ಕಿಗಳನ್ನು ಬೆತ್ತದ ಬುಟ್ಟಿಗಳಲ್ಲಿ ತುಂಬಿ ರೈಲಿನಲ್ಲಿ ದೂರದ ಊರಿಗೆ, ಕೆಲವೊಮ್ಮೆ ಫ್ರಾನ್ಸಿನವರೆಗೂ, ಕಳಿಸುತ್ತಿದ್ದರು. ಅಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಡುತ್ತಿದ್ದರು. ಪ್ರತಿಯೊಂದರ ಗೂಡೂ ಬೇರೆ, ದೂರವೂ ಬೇರೆ. ಆದ್ದರಿಂದ ಗೆಲುವನ್ನು ನಿಮಿಷಕ್ಕೆ ಎಷ್ಟು ಗಜ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಯಜಮಾನ ಹಿತ್ತಲಲ್ಲಿ ಆಕಾಶ ನೋಡುತ್ತ ನಿಲ್ಲುತ್ತಿದ್ದ. ಹಕ್ಕಿ ಇಳಿದೊಡನೆ ಕಾಲಿನ ರಬ್ಬರ್ ಉಂಗುರ ಬಿಚ್ಚಿ ಗಡಿಯಾರದ ಪೆಟ್ಟಿಗೆಗೆ ಹಾಕಬೇಕಿತ್ತು. ಅದು ಕಡ್ಡಿಯ ಮೇಲೆ ಕೂತು ಒಳಗೆ ಬರದೆ ಸತಾಯಿಸಿದರೆ ಗೆಲುವು ಅಲ್ಲೇ ಜಾರಿತು. ವಾರವೆಲ್ಲ ನೆಲದ ಕೆಳಗೆ ಕಲ್ಲಿದ್ದಲು ಅಗೆಯುವ ದಕ್ಷಿಣ ವೇಲ್ಸಿನ ಗಣಿಗಾರನಿಗೆ ಆಕಾಶದೊಡನೆ ಇದ್ದ ಸಂಬಂಧ ಇದು. ಅಜ್ಜ ಸಾಕಿದ ತಳಿಯನ್ನು ಮೊಮ್ಮಗ ಮುಂದುವರಿಸಿದ್ದಾನೆ. ಅಂಥ ಹಕ್ಕಿ ಬರಬೇಕಾದ ಹೊತ್ತಿಗೆ ಬರದೆ, ಕತ್ತಲಾದ ಮೇಲೂ ಬರದೆ ಹೋದರೆ, ಅದನ್ನು ಒಂದು ಹಕ್ಕಿಯ ಬೆಲೆಯಲ್ಲಿ ಅಳೆಯಲು ಬರುವುದಿಲ್ಲ.

1960ರ ಸುಮಾರಿಗೆ ಪಾರಿವಾಳದ ಸಂಘಗಳು, ಮುಖ್ಯವಾಗಿ ದಕ್ಷಿಣ ವೇಲ್ಸಿನವು, ಗೃಹ ಇಲಾಖೆಗೆ ದೂರು ಕೊಟ್ಟವು. ಪೆರೆಗ್ರಿನ್‌ಗಳು ಮಿತಿಮೀರಿ ಹೆಚ್ಚಿವೆ, ನಮ್ಮ ಹಕ್ಕಿಗಳನ್ನು ಉಳಿಸಿಕೊಳ್ಳಲಾಗುತ್ತಿಲ್ಲ, ಅವುಗಳಿಗೆ ಕೊಟ್ಟ ಕಾನೂನಿನ ರಕ್ಷಣೆ ತೆಗೆಯಿರಿ ಎಂಬುದು ಅವರ ಬೇಡಿಕೆ. ಶಿಬಿಯ ಕತೆ ಕೇಳಿ ಬೆಳೆದವರಿಗೆ ಈ ವ್ಯಾಜ್ಯದ ಕಷ್ಟ ಗೊತ್ತು. ಪಾರಿವಾಳವನ್ನು ಉಳಿಸಿದರೆ ನನ್ನ ಹಸಿವಿಗೇನು ಗತಿ ಎಂದು ಕೇಳುವ ಗಿಡುಗನದೂ ನ್ಯಾಯವಾದ ಮಾತೇ. ಗೃಹ ಇಲಾಖೆ ಶಿಬಿಯಂತೆ ತೊಡೆ ಕೊಯ್ದುಕೊಳ್ಳಲು ಹೋಗಲಿಲ್ಲ, ಮೊದಲು ಎಣಿಸಿ ನೋಡೋಣ ಎಂದಿತು. ಸರ್ಕಾರಗಳು ಕಾಲ ತಳ್ಳಲು ಹೂಡುವ ಈ ಉಪಾಯದಿಂದ ಒಮ್ಮೊಮ್ಮೆ ಒಳ್ಳೆಯದೂ ಆಗುತ್ತದೆ. ನೇಚರ್ ಕನ್ಸರ್ವೆನ್ಸಿ ಎಂಬ ಸರ್ಕಾರಿ ಸಂಸ್ಥೆಯ ಮೂಲಕ ಎಣಿಕೆಯ ಹೊಣೆ ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿತಾಲಜಿಗೆ ಹೋಯಿತು. ಅದನ್ನು ನಡೆಸಲು ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ಮೂವತ್ತರ ಹರೆಯದ ವಿಜ್ಞಾನಿ ಸಿಕ್ಕರು.

ಪೆರೆಗ್ರಿನ್ ಎಣಿಸುವುದಕ್ಕೆ ಒಂದು ಅನುಕೂಲವಿದೆ. ಅದು ತಲೆಮಾರುಗಳವರೆಗೆ ಅದೇ ಬಂಡೆಗಳನ್ನೇ ಹಿಡಿದಿರುತ್ತದೆ. ಕೆಲವು ಗೂಡುಗಳ ದಾಖಲೆ ಶತಮಾನಗಳಷ್ಟು ಹಳೆಯದು. 1961 ಮತ್ತು 1962ರಲ್ಲಿ ರ‍್ಯಾಟ್‌ಕ್ಲಿಫ್ ಮತ್ತು ದೇಶದ ಉದ್ದಗಲದ ಹವ್ಯಾಸಿ ಪಕ್ಷಿವೀಕ್ಷಕರು ಗೊತ್ತಿದ್ದ ಬಂಡೆಗಳನ್ನು ಒಂದೊಂದಾಗಿ ಹತ್ತಿ ನೋಡಿದರು. ದಕ್ಷಿಣ ಇಂಗ್ಲೆಂಡಿನಲ್ಲಿ ಬಂಡೆಗಳು ಖಾಲಿ. ದೂರು ಹೊರಟ ವೇಲ್ಸಿನಲ್ಲೂ ಹಕ್ಕಿಗಳು ಹೆಚ್ಚುಕಡಿಮೆ ಮಾಯ. ಕೆಲವೆಡೆ ಜೋಡಿ ಇದ್ದರೂ ಮರಿಗಳಿಲ್ಲ. ಸ್ಕಾಟ್ಲೆಂಡಿನ ಎತ್ತರದ ಬೆಟ್ಟಗಳಲ್ಲಿ ಮಾತ್ರ ಪರಿಸ್ಥಿತಿ ಸುಮಾರಾಗಿತ್ತು. 1963ರ ಹೊತ್ತಿಗೆ ಪೆರೆಗ್ರಿನ್‌ಗಳ ಸಂಖ್ಯೆ ಯುದ್ಧಕ್ಕೆ ಮುಂಚಿನದರ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಗುಂಡಿಟ್ಟ ವರ್ಷಗಳ ನಷ್ಟವನ್ನು ಹಕ್ಕಿಗಳು ಐವತ್ತರ ದಶಕದ ಮಧ್ಯದೊಳಗೆ ಬಹುಮಟ್ಟಿಗೆ ತುಂಬಿಕೊಂಡಿದ್ದವು. ಈ ಕುಸಿತ ಅದಾದ ಮೇಲಿನದು. ವಿಪರೀತ ಹೆಚ್ಚಿದೆಯೆಂದು ದೂರಿದ ಹಕ್ಕಿ ಅಳಿವಿನ ಅಂಚಿಗೆ ಬಂದಿತ್ತು.

ಯಾಕೆ ಎಂಬುದಕ್ಕೆ ಉತ್ತರ ಹೊಲಗಳಲ್ಲಿತ್ತು. 1956ರ ಸುಮಾರಿನಿಂದ ಬ್ರಿಟನ್ನಿನ ರೈತರು ಗೋಧಿಯ ಬಿತ್ತನೆ ಬೀಜಕ್ಕೆ ಡೀಲ್ಡ್ರಿನ್, ಆಲ್ಡ್ರಿನ್ ಎಂಬ ಕೀಟನಾಶಕ ಲೇಪಿಸುತ್ತಿದ್ದರು. ಬಿತ್ತಿದ ಹೊಲದಲ್ಲಿ ಕಾಳು ಹೆಕ್ಕಿದ ಪಾರಿವಾಳ, ಕಾಡುಪಾರಿವಾಳಗಳು ವಸಂತದಲ್ಲಿ ರಾಶಿರಾಶಿಯಾಗಿ ಸತ್ತು ಬೀಳುತ್ತಿದ್ದವು. ಸಾಯದೆ ತೂರಾಡುತ್ತ ಹಾರುವುದು ಪೆರೆಗ್ರಿನ್‌ಗೆ ಸುಲಭದ ತುತ್ತು. ಹೀಗೆ ಒಂದೊಂದು ಪಾರಿವಾಳದ ವಿಷವೂ ಡೇಗೆಯ ಕೊಬ್ಬಿನಲ್ಲಿ ಕೂಡುತ್ತ ಹೋಯಿತು. 1961ರಲ್ಲಿ ಸ್ಕಾಟ್ಲೆಂಡಿನ ಪರ್ತ್‌ಶೈರ್‌ನ ಗೂಡೊಂದರಿಂದ ತಂದ, ಮರಿಯಾಗದ ಒಂದು ಮೊಟ್ಟೆಯನ್ನು ರಾಸಾಯನಿಕ ಪರೀಕ್ಷೆ ಮಾಡಿದಾಗ ಅದರಲ್ಲಿ ಡಿಡಿಟಿಯ ಉಳಿಕೆ, ಡೀಲ್ಡ್ರಿನ್ ಎಲ್ಲವೂ ಸಿಕ್ಕವು. ಊರು ಹೊಲಗಳಿಂದ ದೂರದ ಬೆಟ್ಟದ ಮೊಟ್ಟೆ ಅದು.

ಇನ್ನೊಂದು ಸಂಗತಿ ರ‍್ಯಾಟ್‌ಕ್ಲಿಫ್‌ರ ತಲೆ ತಿನ್ನುತ್ತಿತ್ತು. ಐವತ್ತರ ದಶಕದ ಆರಂಭದಿಂದಲೇ ಅವರು ಪೆರೆಗ್ರಿನ್ ಗೂಡುಗಳಲ್ಲಿ ಒಡೆದ ಮೊಟ್ಟೆಗಳನ್ನು ಕಂಡಿದ್ದರು. 1958ರಲ್ಲೇ ಅದರ ಬಗ್ಗೆ ಬರೆದಿದ್ದರು, ಕಾರಣ ಹೊಳೆದಿರಲಿಲ್ಲ. ಚಿಪ್ಪು ತೆಳುವಾಗಿರಬಹುದೇ ಎಂಬ ಸಂಶಯ ಬಂದಾಗ ಹೋಲಿಸಲು ಹಳೆಯ ಮೊಟ್ಟೆ ಬೇಕಾಯಿತು. ಅದಿದ್ದದ್ದು ಮೊಟ್ಟೆ ಕದಿಯುವ ಹವ್ಯಾಸದವರ ಬಳಿ. ವಿಕ್ಟೋರಿಯಾ ಕಾಲದಿಂದ ಇಂಗ್ಲಿಷ್ ಗಂಡಸರು ಬಂಡೆಗೆ ಹಗ್ಗ ಇಳಿಬಿಟ್ಟು ಮೊಟ್ಟೆ ಕದ್ದು, ತೂತು ಕೊರೆದು, ಒಳಗಿನದನ್ನು ಊದಿ ತೆಗೆದು, ದಿನಾಂಕ ಬರೆದು ಹತ್ತಿಯ ಮೇಲೆ ಜೋಡಿಸಿಡುತ್ತಿದ್ದರು. ಪಕ್ಷಿಪ್ರಿಯರು ಅವರನ್ನು ಕಂಡರೆ ಹಲ್ಲು ಕಡಿಯುತ್ತಿದ್ದರು. ರ‍್ಯಾಟ್‌ಕ್ಲಿಫ್ ಅವರ ಕಪಾಟುಗಳನ್ನೂ ಮ್ಯೂಸಿಯಂಗಳನ್ನೂ ಹುಡುಕಿಕೊಂಡು ಹೋಗಿ, ಖಾಲಿ ಚಿಪ್ಪುಗಳನ್ನು ತಕ್ಕಡಿಯಲ್ಲಿಟ್ಟು ತೂಗಿ, ಉದ್ದ ಅಗಲ ಅಳೆದರು. ದಶಕಗಟ್ಟಲೆ ಒಂದೇ ಆಗಿದ್ದ ಚಿಪ್ಪಿನ ತೂಕ 1947ರ ಸುಮಾರಿಗೆ ಥಟ್ಟನೆ ಕುಸಿದಿತ್ತು. ಇಳಿಕೆ ಹೆಚ್ಚುಕಡಿಮೆ ಐದನೆಯ ಒಂದು ಪಾಲು. ಡಿಡಿಟಿ ಯುದ್ಧ ಮುಗಿಸಿಕೊಂಡು ಹೊಲಕ್ಕೆ ಬಂದದ್ದು ಅದೇ ಕಾಲದಲ್ಲಿ. ಅದರಿಂದಾಗುವ ಡಿಡಿಇ ಎಂಬ ವಸ್ತು ಚಿಪ್ಪಿಗೆ ಸುಣ್ಣದಂಶ ಸೇರದಂತೆ ತಡೆಯುತ್ತದೆ. ಕಾವು ಕೂರುವ ತಾಯಿಯ ಭಾರಕ್ಕೇ ಮೊಟ್ಟೆ ಬಿರಿಯುತ್ತದೆ. 1967ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅವರ ಚಿಕ್ಕ ಲೇಖನವನ್ನು ಮರುವರ್ಷವೇ ಅಮೆರಿಕದ ವಿಜ್ಞಾನಿಗಳು ತಮ್ಮ ದೇಶದ ಮೊಟ್ಟೆಗಳನ್ನು ಅಳೆದು ದೃಢಪಡಿಸಿದರು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ಹೊಲಗಳಿಂದ ಹೊರಹಾಕಿದಾಗ ಈ ತೆಳು ಚಿಪ್ಪುಗಳೂ ಸಾಕ್ಷಿಯಾಗಿದ್ದವು.

1947ರಷ್ಟು ಮುಂಚೆಯೇ ಡಿಡಿಟಿ ಡೇಗೆಗೆ ಹೇಗೆ ತಲುಪಿತು ಎಂಬುದಕ್ಕೆ ಒಂದು ಊಹೆ ಇದೆ. ಆಗ ಪಾರಿವಾಳ ಸಾಕುವವರು ಹೇನು ಹೋಗಲೆಂದು ಹಕ್ಕಿಗಳ ಮೈಗೆ ಡಿಡಿಟಿ ಪುಡಿ ಉದುರಿಸುತ್ತಿದ್ದರು. ಆ ಪಾರಿವಾಳ ತಿಂದ ಡೇಗೆಗೆ ಪುಡಿಯೂ ಸೇರಿತು. ಈ ಊಹೆ ನಿಜವಾದರೆ, ಹಿತ್ತಲ ಗೂಡಿನಲ್ಲಿ ಪ್ರೀತಿಯಿಂದ ಮಾಡಿದ ಉಪಚಾರವೇ ಬಂಡೆಯ ಗೂಡಿನಲ್ಲಿ ಮೊಟ್ಟೆ ಒಡೆಯಿತು.

ವಿಷಲೇಪಿತ ಬೀಜವನ್ನು ವಸಂತದ ಬಿತ್ತನೆಗೆ ಬಳಸಬಾರದೆಂಬ ಒಪ್ಪಂದ 1962ರಲ್ಲಿ ಜಾರಿಗೆ ಬಂತು. ನಿರ್ಬಂಧಗಳು ಮುಂದೆ ಬಿಗಿಯಾಗುತ್ತ ಹೋದವು. ಹಕ್ಕಿ ನಿಧಾನವಾಗಿ ಮರಳಿತು. 1991ರ ಎಣಿಕೆಯಲ್ಲಿ ಸುಮಾರು 1,300 ಜೋಡಿ, 2014ರಲ್ಲಿ 1,769. ಈಗ ಅದು ಬಂಡೆಯನ್ನೇ ಹುಡುಕುವುದಿಲ್ಲ. ಡರ್ಬಿ ನಗರದ ಕೆಥೆಡ್ರಲ್ ಗೋಪುರದಲ್ಲಿ 2006ರಿಂದ ಗೂಡು ಮಾಡುತ್ತಿದೆ. ಪೇಟೆಯ ಪಾರಿವಾಳ ಕಣ್ಣೆದುರಿಗೇ ಇರುವಾಗ ಬೆಟ್ಟವೇಕೆ ಬೇಕು?

ಹಕ್ಕಿಯ ಹಿಂದೆಯೇ ದೂರೂ ಮರಳಿತು. ಈ ಸಲ ಅದರಲ್ಲಿ ಹುರುಳಿತ್ತು, ಡೇಗೆ ನಿಜಕ್ಕೂ ಹೆಚ್ಚಿದ್ದವು. ಗೂಡಿನ ಹತ್ತಿರವೇ ಹೊಂಚು ಹಾಕುವ ಸ್ಪ್ಯಾರೋಹಾಕ್, ಅಂದರೆ ನಮ್ಮ ಶಿಕ್ರಾದ ಹತ್ತಿರದ ಬಂಧು, ಇನ್ನೊಂದು ತಲೆನೋವು. ತೊಂಬತ್ತರ ದಶಕದಲ್ಲಿ ಸರ್ಕಾರ ನೇಮಿಸಿದ ತಂಡವೊಂದು 2000ದಲ್ಲಿ ವರದಿ ಕೊಟ್ಟಿತು. ಮನೆಗೆ ಬಾರದ ಪಾರಿವಾಳಗಳಲ್ಲಿ ಬೇಟೆ ಹಕ್ಕಿಯ ಪಾಲು ಚಿಕ್ಕದು, ದಾರಿ ತಪ್ಪುವುದು, ತಂತಿಗೂ ಕಟ್ಟಡಕ್ಕೂ ಬಡಿಯುವುದು, ಕೆಟ್ಟ ಹವೆ, ಇವುಗಳದ್ದೇ ದೊಡ್ಡ ಪಾಲು ಎಂಬುದು ಅದರ ಸಾರ. 1997ರ ಜೂನ್‌ನಲ್ಲಿ ಫ್ರಾನ್ಸಿನ ನಾಂತ್‌ನಿಂದ ಬಿಟ್ಟ ಸುಮಾರು 60,000 ಪಾರಿವಾಳಗಳಲ್ಲಿ ಹೆಚ್ಚಿನವು ಮರಳಲೇ ಇಲ್ಲ. ಅದೇ ವೇಳೆಗೆ ಹಾದುಹೋದ ಕಾಂಕರ್ಡ್ ವಿಮಾನದ ಶಬ್ದದ ಅಲೆ ಅವುಗಳ ದಿಕ್ಕು ತಪ್ಪಿಸಿರಬೇಕೆಂದು ಒಬ್ಬ ವಿಜ್ಞಾನಿ ಆಮೇಲೆ ವಾದಿಸಿದರು. ಅಷ್ಟು ಹಕ್ಕಿಗಳನ್ನು ತಿನ್ನುವ ಡೇಗೆಗಳು ಬ್ರಿಟನ್ನಿನಲ್ಲಿ ಇರಲಿಲ್ಲ. ಆದರೆ ಸರಾಸರಿಯ ಲೆಕ್ಕ ಒಬ್ಬೊಬ್ಬನ ಹಿತ್ತಲಿಗೆ ಹೊಂದುವುದಿಲ್ಲ. ಗೋಪುರದ ಕೆಳಗೇ ಗೂಡಿಟ್ಟವನ ನಷ್ಟ ಸರಾಸರಿಯಲ್ಲಿ ಕಾಣಿಸದು.

ಕಾಪಾಡುವ ಉಪಾಯಗಳು ಹಳೆಯವೂ ಇವೆ, ಹೊಸವೂ ಇವೆ. ಬೀಜಿಂಗಿನಲ್ಲಿ ಸೋರೆಬುರುಡೆ, ಬಿದಿರಿನಿಂದ ಮಾಡಿದ ಹಗುರ ಪೀಪಿಗಳನ್ನು ಪಾರಿವಾಳದ ಬಾಲಕ್ಕೆ ಕಟ್ಟುತ್ತಾರೆ. ಹಾರುವಾಗ ಹೊರಡುವ ಸದ್ದಿಗೆ ಗಿಡುಗ ಬೆದರುತ್ತದೆಂಬ ಮಾತಿದೆ, ಕೇಳುವವರಿಗಂತೂ ಅದು ಸಂಗೀತ. ಬ್ರಿಟನ್ನಿನಲ್ಲಿ ಪಾರಿವಾಳದ ರೆಕ್ಕೆಗೆ ಕಣ್ಣಿನ ಚಿತ್ರ ಅಂಟಿಸಿ ನೋಡಿದರು, ಚಾವಣಿಗೆ ಪ್ಲಾಸ್ಟಿಕ್ ಗೂಬೆ ಕೂರಿಸಿದರು. ಗೂಬೆಗೆ ಕೆಲವೇ ದಿನದಲ್ಲಿ ಬೆಲೆ ಹೋಯಿತು. ಸ್ಕಾಟ್ಲೆಂಡಿನಲ್ಲಿ 2009ರಲ್ಲಿ ಗೂಡುಗಳ ಬಳಿಯ ಸ್ಪ್ಯಾರೋಹಾಕ್‌ಗಳನ್ನು ಹಿಡಿದು ದೂರ ಬಿಡುವ ಪ್ರಯೋಗವೂ ಆಯಿತು. ಅದರಿಂದ ಸ್ಪಷ್ಟ ಫಲ ಸಿಗಲಿಲ್ಲ. ಅನುಭವಸ್ಥರು ನೆಚ್ಚುವುದು ಸಾದಾ ಉಪಾಯಗಳನ್ನೇ: ಹಕ್ಕಿ ಬಿಡುವ ಹೊತ್ತನ್ನು ದಿನಾ ಬದಲಿಸುವುದು, ಡೇಗೆಯ ಹಾವಳಿ ಹೆಚ್ಚಿರುವ ಚಳಿಗಾಲ, ವಸಂತಗಳಲ್ಲಿ ಒಳಗೇ ಇಟ್ಟುಕೊಳ್ಳುವುದು, ಗೂಡಿನ ಸುತ್ತ ಮರೆ ಇಲ್ಲದಂತೆ ನೋಡಿಕೊಳ್ಳುವುದು.

ಪೆರೆಗ್ರಿನ್ ಗೂಡಿರುವ ಗೋಪುರಗಳ ಬುಡದಲ್ಲಿ ಪಕ್ಷಿವೀಕ್ಷಕರು ಬಿದ್ದ ಗರಿ, ಮೂಳೆ ಹೆಕ್ಕಿ, ಅದು ಏನೇನು ತಿಂದಿದೆಯೆಂದು ಪಟ್ಟಿ ಮಾಡುತ್ತಾರೆ. ಆ ಕಸದಲ್ಲಿ ಆಗಾಗ ಸಣ್ಣದೊಂದು ಉಂಗುರ ಸಿಗುತ್ತದೆ. ಮರಿಯಾಗಿದ್ದಾಗಲೇ ರೇಸಿನ ಪಾರಿವಾಳದ ಕಾಲಿಗೆ ತೊಡಿಸಿದ್ದು, ಮೇಲೆ ವರ್ಷ, ಸಂಖ್ಯೆ. ಸಂಘದ ದಫ್ತರದಲ್ಲಿ ಆ ಸಂಖ್ಯೆಯ ಮುಂದೆ ಯಜಮಾನನ ಹೆಸರು, ವಿಳಾಸ ಇರುತ್ತದೆ.