ಕಳವಾದರೆ ಕಾವಲುಗಾರನೇ ಹೊಣೆ

ಮನೆಗೆ ಕನ್ನ ಬಿದ್ದರೆ ಇಂದು ನಾವು ಠಾಣೆಗೆ ದೂರು ಕೊಡುತ್ತೇವೆ, ಬಾಗಿಲಿಗೆ ಹೊಸ ಬೀಗ ಹಾಕಿಸುತ್ತೇವೆ. ಅನುಕೂಲವಿದ್ದವರು ಕ್ಯಾಮರಾ ಕೂರಿಸುತ್ತಾರೆ. ಹೋದ ಒಡವೆಯ ನಷ್ಟ ಮಾತ್ರ ನಮ್ಮದೇ. ಆದರೆ ಆ ನಷ್ಟಕ್ಕೆ ಕಾವಲಿನವರೇ ಹೊಣೆ ಎಂಬ ನಿಯಮ ಈ ನೆಲದಲ್ಲಿ ಒಮ್ಮೆ ಇತ್ತು.

1443ರಲ್ಲಿ ಹೆರಾತಿನ ದೊರೆ ಶಾರುಖನ ರಾಯಭಾರಿಯಾಗಿ ಅಬ್ದುರ್ರಝಾಕ್ ಕಲ್ಲಿಕೋಟೆ, ಮಂಗಳೂರುಗಳನ್ನು ದಾಟಿ ವಿಜಯನಗರಕ್ಕೆ ಬಂದರು. ಆಗ ಅಲ್ಲಿ ಎರಡನೆಯ ದೇವರಾಯನ ಆಳ್ವಿಕೆ. ನಗರ ರಕ್ಷಣೆಯ ಕಚೇರಿಯಲ್ಲಿ 12,000 ಕಾವಲುಗಾರರಿದ್ದರೆಂದು ತಾವು ಕೇಳಿದ್ದನ್ನು ಅವರು ಬರೆದಿದ್ದಾರೆ. ಏಳು ಸುತ್ತಿನ ಕೋಟೆಯೊಳಗೆ ನಡೆಯುವುದೆಲ್ಲ ಅವರಿಗೆ ತಿಳಿದಿರಬೇಕಿತ್ತು. ಕಳವಾದ ವಸ್ತುವನ್ನು ಹುಡುಕಿ ಕೊಡದಿದ್ದರೆ ಅವರೇ ದಂಡ ತೆರಬೇಕಿತ್ತು.

ಅಕ್ಬರನ ಆಸ್ಥಾನದ ಅಬುಲ್ ಫಝಲ್ ತಮ್ಮ 'ಐನೆ ಅಕ್ಬರಿ'ಯಲ್ಲಿ ಕೊತ್ವಾಲನ ಕರ್ತವ್ಯಗಳನ್ನು ವಿವರಿಸಿದ್ದಾರೆ. ಅವನು ಮನೆಗಳ ಪಟ್ಟಿ ಇಡಬೇಕು, ಕೆಲವು ಮನೆಗಳನ್ನು ಸೇರಿಸಿ ಒಂದು ಮೊಹಲ್ಲಾ ಮಾಡಬೇಕು, ಬಂದುಹೋಗುವವರ ವರದಿಯನ್ನು ದಿನವೂ ಪಡೆಯಬೇಕು. ಕದ್ದ ಮಾಲು ಸಿಗದಿದ್ದರೆ ನಷ್ಟಕ್ಕೆ ಅವನೇ ಹೊಣೆ. ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದು ಅಲ್ಲಿದೆ. ಕಷ್ಟಸುಖಗಳಲ್ಲಿ ಪರಸ್ಪರ ನೆರವಾಗುವುದಾಗಿ ನಿವಾಸಿಗಳಿಂದಲೇ ಮಾತು ಪಡೆಯಬೇಕು. ಕಾವಲು ಅರಮನೆಯ ಕೆಲಸವಷ್ಟೇ ಅಲ್ಲ, ನೆರೆಹೊರೆಯ ಕೆಲಸವೂ ಹೌದು ಎಂಬ ತಿಳಿವಳಿಕೆ ಇದರಲ್ಲಿದೆ.

ನಮ್ಮ ಹಳ್ಳಿಗಳಲ್ಲಿ ಈ ಹೊಣೆ ಆಯಗಾರರಲ್ಲಿ ಸೇರಿದ ತಳವಾರ ಮತ್ತು ತೋಟಿಯದಾಗಿತ್ತು. ತಳವಾರ ಅಪರಾಧಗಳ ಸುಳಿವು ಹಿಡಿಯುತ್ತಿದ್ದ, ದಾರಿಹೋಕರನ್ನು ಮುಂದಿನ ಊರಿಗೆ ಸುರಕ್ಷಿತವಾಗಿ ತಲುಪಿಸುತ್ತಿದ್ದ. ತೋಟಿ ಬೆಳೆ ಕಾಯುತ್ತಿದ್ದ. ಅವರಿಗೆ ಸಲ್ಲುತ್ತಿದ್ದುದು ಊರವರ ಬೆಳೆಯಲ್ಲಿನ ಪಾಲು. ಊರಿನ ಅನ್ನ ಉಂಡವನಿಗೆ ಪ್ರತಿ ಮನೆಯ ಪರಿಚಯವೂ ಇರುತ್ತಿತ್ತು. 1816ರಲ್ಲಿ ಮದ್ರಾಸ್ ಪ್ರಾಂತ್ಯದ ಕಾನೂನು ಗ್ರಾಮದ ಮುಖ್ಯಸ್ಥನಿಗೇ ಪೊಲೀಸ್ ಅಧಿಕಾರವನ್ನು ಕೊಟ್ಟಿತು. 1861ರ ಪೊಲೀಸ್ ಕಾಯ್ದೆಯ ನಂತರ ಕಾವಲಿನ ಭಾರ ಸಮವಸ್ತ್ರದ ಇಲಾಖೆಯತ್ತ ಹೆಚ್ಚು ಹೆಚ್ಚಾಗಿ ಸರಿಯಿತು.

ಹಾಗೆಂದು ಹಿಂದಿನದೆಲ್ಲವೂ ಹೊನ್ನಾಗಿತ್ತು ಎನ್ನಲಾಗದು. ಅಬ್ದುರ್ರಝಾಕರೇ ಹೇಳುವ ಒಂದು ಪ್ರಸಂಗವಿದೆ. ಅವರ ಜೊತೆಗಾರನೊಬ್ಬನ ಗುಲಾಮರು ಓಡಿಹೋದರು. ದೂರು ಕೇಳಿದ ನಗರಾಧಿಕಾರಿ ತೀರಾ ಬಡವರ ಕೇರಿಯ ಕಾವಲುಗಾರರಿಗೆ ಅವರನ್ನು ಹಿಡಿದು ತರಲು, ಇಲ್ಲವೇ ದಂಡ ಕಟ್ಟಲು ಆಜ್ಞಾಪಿಸಿದ. ಅವರು ದಂಡ ಕಟ್ಟಿದರು. ಗುಲಾಮರು ಓಡಿದ್ದೇಕೆಂದು ಯಾರೂ ಕೇಳಲಿಲ್ಲ, ಹೊಣೆ ಮಾತ್ರ ಬಡವರ ಕೇರಿಯ ಮೇಲೆ ಬಿತ್ತು.

ಈ ರೋಗ ಬ್ರಿಟಿಷರ ಕಾಲದಲ್ಲಿ ಕಾನೂನಿನ ರೂಪವನ್ನೇ ತಾಳಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬಗೆಯಿತು. 1911ರ ಕಾಯ್ದೆಯೊಂದಿಗೆ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಕೊರಚ, ಕೊರವರಂಥ ಅಲೆಮಾರಿಗಳು ಹೆಸರು ನೋಂದಾಯಿಸಿ ಹಾಜರಿ ಹಾಕಬೇಕಾಯಿತು. ಕಾಯ್ದೆ 1952ರಲ್ಲಿ ರದ್ದಾಯಿತು. ಆದರೆ ಎಲ್ಲಾದರೂ ಕಳವಾದೊಡನೆ ಕಣ್ಣು ಮೊದಲು ಗುಡಿಸಲಿನತ್ತ, ಅಪರಿಚಿತನತ್ತ, ಬೇರೆ ವೇಷದವನತ್ತ ಹೊರಳುವ ಅಭ್ಯಾಸ ರದ್ದಾಗಿದೆಯೇ?

ಇತಿಹಾಸ ನಮ್ಮ ಮುಂದೆ ಎರಡು ದಾರಿಗಳನ್ನು ಇಟ್ಟಿದೆ. ಒಂದು ಪರಿಚಯದ ಕಾವಲು, ಇನ್ನೊಂದು ಸಂಶಯದ ಕಾವಲು. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ 'ಸ್ವಲ್ಪ ನೋಡಿಕೊಳ್ಳಿ' ಎಂದು ಹೇಳಿ ಹೋಗುವಷ್ಟು ಸಲುಗೆ ಉಳಿದಿದ್ದರೆ ನಮ್ಮ ಬೀಗಕ್ಕೂ ಬಲವಿದೆ. ಆ ಪಕ್ಕದ ಮನೆಯವರ ಹೆಸರೇ ನಮಗೆ ತಿಳಿಯದಿದ್ದರೆ ಎಷ್ಟು ಕ್ಯಾಮರಾ ಇದ್ದರೂ ನಮ್ಮ ಬೀದಿಗೆ ಕಾವಲಿಲ್ಲ.